ಗೋಡೆಯ ಮೇಲಿನ ಫೋಟೋ: ಅಂದ ಹೆಚ್ಚಲಿ, ಗುರುತು ಉಳಿಯಲಿ

ನಿಮ್ಮ ಮನೆಯ ಗೋಡೆಯನ್ನು ಒಮ್ಮೆ ನೋಡಿ. ಅಲ್ಲಿ ಗುಡ್ಡಾಪುರದ ದಾನಮ್ಮದೇವಿಯ ಪಟ ಇರಬಹುದು. ಅದರ ಪಕ್ಕದಲ್ಲಿ ತೀರಿಕೊಂಡ ಮುತ್ಯಾನ ಅಥವಾ ಆಯಿಯ ಫೋಟೋ ಇರಬಹುದು. ಎರಡಕ್ಕೂ ನೀವು ಹೂವಿನ ಹಾರ ಹಾಕುತ್ತೀರಿ. ಆದರೆ ಎರಡೂ ಒಂದೇ ಬಗೆಯ ಚಿತ್ರಗಳಲ್ಲ. ದಾನಮ್ಮ 12ನೇ ಶತಮಾನದ ಶರಣೆ. ಆಗ ಕ್ಯಾಮೆರಾ ಇರಲಿಲ್ಲ. ಆಕೆಯ ಮುಖವನ್ನು ಚಿತ್ರಕಾರರು ಭಕ್ತಿಯಿಂದ ಊಹಿಸಿ ಬರೆದರು. ಆಯಿಯ ಮುಖ ಹಾಗಲ್ಲ. ಅದನ್ನು ನೀವು ಕಣ್ಣಾರೆ ಕಂಡಿದ್ದೀರಿ.

ಆದರೂ ಕೆಲವು ಸಲ ಸ್ಟುಡಿಯೋದಿಂದ ದೊಡ್ಡ ಫೋಟೋ ಬಂದಾಗ ಮನೆಯವರು ಸುಮ್ಮನೆ ನಿಂತುಬಿಡುತ್ತಾರೆ. "ಫೋಟೋ ಛಲೋ ಆಗೇತಿ. ಆದ್ರ ನಮ್ಮ ಆಯಿ ಇದ್ದಂಗ ಇಲ್ಲಲ್ಲ" ಅನ್ನುತ್ತಾರೆ. ಹೀಗೆ ಯಾಕೆ ಆಗುತ್ತದೆ? ಫೋಟೋ ತಿದ್ದುವ ಕೆಲಸ ಹೇಗೆ ನಡೆಯುತ್ತದೆ? ಈ ಪಾಠದಲ್ಲಿ ತಿಳಿಯೋಣ.

ಸಣ್ಣ ಫೋಟೋ ದೊಡ್ಡದಾಗುವುದು

ಜತ್ತ ತಾಲೂಕು ಬರದ ಸೀಮೆ. ಸಂಖ, ಉಮದಿ, ಮಾಡಗ್ಯಾಳ ಭಾಗದ ಹಳ್ಳಿಗಳಲ್ಲಿ ಹಿಂದೆ ಫೋಟೋ ತೆಗೆಸುವುದು ದೊಡ್ಡ ಖರ್ಚಿನ ಮಾತು. ಕಬ್ಬು ಕಡಿಯಲು ಹೋಗುವ ಮನೆಗಳಲ್ಲಿ ಅದಕ್ಕೆ ಪುರುಸೊತ್ತೂ ಇರಲಿಲ್ಲ. ಮತದಾರರಿಗೆ ಫೋಟೋ ಇರುವ ಗುರುತಿನ ಚೀಟಿ ಕೊಡುವ ಕೆಲಸ 1993ರಲ್ಲಿ ಆರಂಭವಾಯಿತು. ಎಷ್ಟೋ ಹಿರಿಯರು ಒಬ್ಬರೇ ಕುಳಿತು ತೆಗೆಸಿಕೊಂಡ ಒಂದೇ ಒಂದು ಫೋಟೋ ಅಂದರೆ ಆ ಚೀಟಿಯ ಫೋಟೋ.

ಅವರು ತೀರಿಕೊಂಡ ಮೇಲೆ ಮಕ್ಕಳು ಆ ಸಣ್ಣ ಫೋಟೋವನ್ನೇ ಸ್ಟುಡಿಯೋಕ್ಕೆ ಒಯ್ಯುತ್ತಾರೆ. "ಇದನ್ನ ದೊಡ್ಡದು ಮಾಡಿ ಕೊಡ್ರಿ" ಅನ್ನುತ್ತಾರೆ. ಇಲ್ಲೇ ತೊಡಕು ಶುರುವಾಗುತ್ತದೆ. ಒಂದು ಇಂಚು ಅಗಲದ ಫೋಟೋವನ್ನು 10 ಇಂಚು ಅಗಲ ಮಾಡಿದರೆ ಅದರ ಎತ್ತರವೂ 10 ಪಟ್ಟು ಆಗುತ್ತದೆ. ಒಟ್ಟು ಜಾಗ 100 ಪಟ್ಟು ಹೆಚ್ಚುತ್ತದೆ. ಆದರೆ ಫೋಟೋದೊಳಗಿನ ವಿವರ ಮೊದಲಿದ್ದಷ್ಟೇ. ಒಂದು ಹಿಡಿ ಹಿಟ್ಟಿನಲ್ಲಿ 100 ರೊಟ್ಟಿ ಮಾಡಿದ ಹಾಗೆ! ಕಣ್ಣು ಮಸುಕಾಗುತ್ತವೆ. ಹುಬ್ಬು ಕರಗುತ್ತವೆ. ಇಲ್ಲದ ವಿವರವನ್ನು ತಿದ್ದುವವರು ಊಹೆಯಿಂದ ತುಂಬಬೇಕಾಗುತ್ತದೆ.

ಹಿಂದೆ ಹೇಗೆ ತಿದ್ದುತ್ತಿದ್ದರು?

ಫೋಟೋ ತಿದ್ದುವುದು ಕಂಪ್ಯೂಟರಿನಿಂದ ಬಂದ ಹೊಸ ವಿದ್ಯೆಯಲ್ಲ. ಹಳೆಯ ಸ್ಟುಡಿಯೋಗಳಲ್ಲಿ ಮೊದಲು ನೆಗೆಟಿವ್ ತಯಾರಾಗುತ್ತಿತ್ತು. ನೆಗೆಟಿವಿನಲ್ಲಿ ಎಲ್ಲವೂ ತಿರುವುಮುರುವು. ಕಪ್ಪು ಬೆಳ್ಳಗೆ ಕಾಣುತ್ತದೆ, ಬಿಳಿ ಕಪ್ಪಗೆ ಕಾಣುತ್ತದೆ. ಮುಖದ ಸುಕ್ಕು ಫೋಟೋದಲ್ಲಿ ಕಪ್ಪು ಗೆರೆ. ನೆಗೆಟಿವಿನಲ್ಲಿ ಅದು ತಿಳಿಯಾದ ಗೆರೆ. ಆ ಗೆರೆಯ ಮೇಲೆ ಚೂಪಾದ ಪೆನ್ಸಿಲಿನಿಂದ ಹಗುರವಾಗಿ ತುಂಬಿದರೆ ಫೋಟೋದಲ್ಲಿ ಸುಕ್ಕು ಮಾಯ! ಇದನ್ನೇ 'ಟಚಿಂಗ್' ಅನ್ನುತ್ತಿದ್ದರು.

ಆಮೇಲೆ ಬಣ್ಣದ ಕೆಲಸ. ಕಪ್ಪು ಬಿಳುಪು ಫೋಟೋಕ್ಕೆ ಹತ್ತಿ ಮತ್ತು ಕುಂಚದಿಂದ ತೆಳುವಾಗಿ ಬಣ್ಣ ಹಚ್ಚುತ್ತಿದ್ದರು. ಕೆನ್ನೆಗೆ ನಸು ಗುಲಾಬಿ, ಹಣೆಗೆ ಕೆಂಪು ಕುಂಕುಮ, ಒಡವೆಗೆ ಹಳದಿ, ಹಿಂದಿನ ಪರದೆಗೆ ತಿಳಿ ನೀಲಿ ಅಥವಾ ಹಸಿರು. ಬಣ್ಣ ತೆಳುವಾಗಿದ್ದರಿಂದ ಅದರ ಕೆಳಗೆ ಫೋಟೋದ ನೆರಳು ಬೆಳಕು ಕಾಣುತ್ತಿತ್ತು. ಭಾರತದಲ್ಲಿ 19ನೇ ಶತಮಾನದಿಂದಲೇ ಈ ಪದ್ಧತಿ ಇದೆ.

ಇಂಥ ಮುಖ ಚೆಂದ ಅಂತ ನಮಗೆ ಕಲಿಸಿದವರು ಯಾರು? ಮುಖ್ಯವಾಗಿ ಗೋಡೆಯ ಪಟ ಮತ್ತು ಕ್ಯಾಲೆಂಡರುಗಳು. ರಾಜಾ ರವಿವರ್ಮರ ಛಾಪಖಾನೆ 1894ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಅಲ್ಲಿ ಅಚ್ಚಾದ ದೇವರ ಪಟಗಳು ಮನೆ ಮನೆಗೆ ಹೋದವು. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಸಿನೆಮಾ ಪೋಸ್ಟರ್ ಮತ್ತು ಕ್ಯಾಲೆಂಡರ್ ಚಿತ್ರಗಳಿಂದ ಹೆಸರಾದರು. ನುಣುಪು ಕೆನ್ನೆ, ಹೊಳೆಯುವ ಕಣ್ಣು, ಎದ್ದು ಕಾಣುವ ಬಣ್ಣ: ಕ್ಯಾಲೆಂಡರಿನ ಈ ಅಂದವನ್ನೇ ಜನ ಫೋಟೋದಲ್ಲೂ ಬಯಸಿದರು.

ಈಗ ಅದೇ ಅಂದ ಕಂಪ್ಯೂಟರಿನಲ್ಲಿ

ಫೋಟೋಶಾಪ್ ಎಂಬ ಪ್ರೋಗ್ರಾಂ 1990ರಲ್ಲಿ ಮಾರುಕಟ್ಟೆಗೆ ಬಂತು. ಪೆನ್ಸಿಲ್, ಕುಂಚ, ಹತ್ತಿ ಇವೆಲ್ಲದರ ಕೆಲಸ ಈಗ ಅದರೊಳಗೇ ಆಗುತ್ತದೆ. ಹಳೆಯ ಕೈಬಣ್ಣದ ಫೋಟೋದ ಅಂದ ಬೇಕಾದರೆ ಸ್ಟುಡಿಯೋದವರು ಸಾಮಾನ್ಯವಾಗಿ ಹೀಗೆ ಮಾಡುತ್ತಾರೆ:

1. ಫೋಟೋವನ್ನು ಸ್ಕ್ಯಾನ್ ಮಾಡಿ ಅದರ ನಕಲು ತೆಗೆಯುತ್ತಾರೆ. ಕೆಲಸ ನಕಲಿನ ಮೇಲೆ. ಮೂಲ ಹಾಗೇ ಉಳಿಯುತ್ತದೆ.

2. ಫೋಟೋ ಬಣ್ಣದ್ದಾಗಿದ್ದರೆ ಅದನ್ನು ಕಪ್ಪು ಬಿಳುಪು ಮಾಡಿ, ನಸು ಕಂದು ಛಾಯೆ ಕೊಡುತ್ತಾರೆ. ಹಳೆಯ ಫೋಟೋದ ಕಳೆ ಇದರಿಂದ ಬರುತ್ತದೆ.

3. ಗೀರು, ಕಲೆ, ಮಡಿಕೆ, ಸರಕಾರಿ ಶಿಕ್ಕಾದ ಗುರುತು ಅಳಿಸುತ್ತಾರೆ. ಪಕ್ಕದ ಚರ್ಮದ ಬಣ್ಣವನ್ನೇ ತಂದು ಅಲ್ಲಿ ತುಂಬುತ್ತಾರೆ. ಹರಿದ ಅಂಗಿಗೆ ತೇಪೆ ಹಾಕಿದಂತೆ.

4. ಚರ್ಮವನ್ನು ನುಣುಪು ಮಾಡುತ್ತಾರೆ. ಇದಕ್ಕೆ ಮಸುಕು ಮಾಡಿದ ಒಂದು ಪದರವನ್ನು ಮುಖದ ಮೇಲೆ ಹೊದಿಸುತ್ತಾರೆ. ಕಣ್ಣು, ಹುಬ್ಬು, ತುಟಿ, ಕೂದಲಿನ ಮೇಲೆ ಪದರ ಬೀಳಬಾರದು. ಪದರ ಎಷ್ಟು ದಪ್ಪ ಇರಬೇಕು ಅನ್ನುವುದೂ ಅವರ ಕೈಯಲ್ಲೇ ಇರುತ್ತದೆ. ತೆಳುವಾಗಿದ್ದರೆ ಚರ್ಮ ಚರ್ಮದಂತೆ ಕಾಣುತ್ತದೆ. ಪೂರ್ತಿ ಹೊದಿಸಿದರೆ ಮುಖ ಮೇಣದ ಗೊಂಬೆಯಾಗುತ್ತದೆ.

5. ಹಣೆ, ಮೂಗಿನ ದಂಡೆ, ಕೆನ್ನೆಯ ಉಬ್ಬಿಗೆ ಬೆಳಕು ಹೆಚ್ಚಿಸುತ್ತಾರೆ. ತಗ್ಗಿಗೆ ನೆರಳು ಕೊಡುತ್ತಾರೆ. ಇದರಿಂದ ಚಪ್ಪಟೆ ಮುಖಕ್ಕೆ ತುಂಬು ಬರುತ್ತದೆ.

6. ಕೊನೆಗೆ ಬಣ್ಣ. ಸೀರೆಗೆ ಒಂದು ಪದರ, ಒಡವೆಗೆ ಒಂದು ಪದರ, ಮುಖಕ್ಕೆ ಒಂದು ಪದರ. ಬಣ್ಣ ಮಾತ್ರ ಬದಲಾಗುತ್ತದೆ, ಕೆಳಗಿನ ನೆರಳು ಬೆಳಕು ಹಾಗೇ ಇರುತ್ತದೆ. ಅದಕ್ಕೇ ಕೈಬಣ್ಣ ಹಚ್ಚಿದಂತೆ ಕಾಣುತ್ತದೆ.

ನೋಡಿ, ಮೂರನೇ ಹಂತದವರೆಗೆ ಫೋಟೋದ ಗಾಯ ಮಾಸುತ್ತದೆ. ನಾಲ್ಕನೇ ಹಂತದಿಂದ ಮನುಷ್ಯನ ಮುಖವೇ ಬದಲಾಗತೊಡಗುತ್ತದೆ. ಅಲ್ಲಿಂದ ಮುಂದೆ ಮನೆಯವರು ಪಕ್ಕದಲ್ಲಿ ಕುಳಿತು ನೋಡುವುದು ಒಳ್ಳೆಯದು.

ಕಪ್ಪು ಬಿಳುಪು ಫೋಟೋ ಬಣ್ಣವನ್ನು ಹೇಳುವುದಿಲ್ಲ. ಆಯಿ ಉಟ್ಟದ್ದು ಹಸಿರು ಇಳಕಲ್ ಸೀರೆಯೋ ನೀಲಿಯೋ? ಕಂಪ್ಯೂಟರಿಗೆ ಗೊತ್ತಿಲ್ಲ, ಸ್ಟುಡಿಯೋದವರಿಗೂ ಗೊತ್ತಿಲ್ಲ. ಗೊತ್ತಿರುವುದು ನಿಮಗೆ. ಸೀರೆ ಇನ್ನೂ ಟ್ರಂಕಿನಲ್ಲಿದ್ದರೆ ಅದನ್ನೇ ಒಯ್ದು ತೋರಿಸಿ.

ಈಗ ಇನ್ನೊಂದು ಹೊಸತು ಬಂದಿದೆ. ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿದರೆ ಮಸುಕು ಫೋಟೋ ಸ್ಪಷ್ಟವಾಗುತ್ತದೆ. ಇದು ಕೃತಕ ಬುದ್ಧಿಮತ್ತೆಯ ಕೆಲಸ. ಅದು ಬೇರೆ ಬೇರೆ ಜನರ ಅಸಂಖ್ಯ ಫೋಟೋಗಳಿಂದ ಕಲಿತಿರುತ್ತದೆ. ನಿಮ್ಮ ಆಯಿಯ ಕಣ್ಣು ಮಸುಕಾಗಿದ್ದರೆ, ಅಲ್ಲಿ ಹೊಂದಿಕೆಯಾಗುವ ಕಣ್ಣೊಂದನ್ನು ಊಹಿಸಿ ತುಂಬುತ್ತದೆ. ಕಣ್ಣು ಸ್ಪಷ್ಟವಾಗಿ ಕಾಣುತ್ತದೆ, ನಿಜ. ಆದರೆ ಅದು ಆಯಿಯ ಕಣ್ಣೇ ಆಗಿರಬೇಕೆಂದಿಲ್ಲ.

ಬಿಳಿ ಮಾಡಿದರಷ್ಟೇ ಚೆಂದವೇ?

ತಿದ್ದುವಾಗ ಕೇಳದೆಯೇ ಆಗುವ ಒಂದು ಕೆಲಸವಿದೆ. ಅದು ಮುಖ ಬೆಳ್ಳಗೆ ಮಾಡುವುದು. ಹೊಲದಲ್ಲಿ ದುಡಿದ ಹೆಣ್ಣುಮಗಳ ಮೈಬಣ್ಣ ಬಿಸಿಲಿಗೆ ಕಪ್ಪಾಗಿರುತ್ತದೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ? ಹಣೆಯ ಮೇಲಿನ ಹಚ್ಚೆ, ಗಲ್ಲದ ಮಚ್ಚೆ, ನಕ್ಕಾಗ ಬೀಳುವ ಗೆರೆ: ಇವುಗಳಿಂದಲೇ ಮೊಮ್ಮಕ್ಕಳು "ಇವಳು ನಮ್ಮ ಆಯಿ" ಅಂತ ಗುರುತಿಸುತ್ತಾರೆ. ಇವನ್ನೆಲ್ಲ ಅಳಿಸಿದರೆ ಗೋಡೆಯ ಮೇಲೆ ಯಾರೋ ಬೇರೆಯವರು ಕುಳಿತಂತಾಗುತ್ತದೆ.

ಮದುವೆಗೆ ತೋರಿಸುವ ಹುಡುಗಿಯ ಫೋಟೋದಲ್ಲೂ ಹೀಗೇ ಆಗುತ್ತದೆ. ಫೋಟೋದಲ್ಲಿ ಬಿಳಿ, ಎದುರಿಗೆ ಬಂದಾಗ ಬೇರೆ. ಆಗ ಮಾತು ಕೇಳಬೇಕಾದದ್ದು ಹುಡುಗಿ. ತಿದ್ದಿದವರು ಅಲ್ಲಿ ಇರುವುದಿಲ್ಲ.

ಈ ಚಿಂತೆ ನಮ್ಮಲ್ಲಿ ಮಾತ್ರ ಇಲ್ಲ. ಜಾಹೀರಾತಿನಲ್ಲಿ ರೂಪದರ್ಶಿಯ ಮೈಕಟ್ಟನ್ನು ತಿದ್ದಿದ್ದರೆ "ಫೋಟೋ ತಿದ್ದಲಾಗಿದೆ" ಎಂದು ಬರೆಯಬೇಕು ಅಂತ ಫ್ರಾನ್ಸ್ ದೇಶ 2017ರಲ್ಲಿ ನಿಯಮ ತಂದಿತು. ನಾರ್ವೆ ದೇಶದಲ್ಲಿ 2022ರಿಂದ ಇಂಥದ್ದೇ ನಿಯಮವಿದೆ. ನಮ್ಮ ದೇಶದಲ್ಲಿ 'ಫೇರ್ ಅಂಡ್ ಲವ್ಲಿ' ಕ್ರೀಮಿನ ಹೆಸರಿನಿಂದ 'ಫೇರ್' ಎಂಬ ಪದವನ್ನು 2020ರಲ್ಲಿ ತೆಗೆದರು. ಫೇರ್ ಅಂದರೆ ಬಿಳಿ ಬಣ್ಣದ ಎಂದು ಅರ್ಥ.

ಕಾಗದಪತ್ರಕ್ಕೆ ತಿದ್ದಿದ ಫೋಟೋ ಬೇಡ

ಗೋಡೆಯ ಫೋಟೋ ನೆನಪಿಗೆ, ಕಾಗದಪತ್ರದ ಫೋಟೋ ಗುರುತಿಗೆ. ಪಾಸ್‌ಪೋರ್ಟಿನ ಫೋಟೋವನ್ನು ಕಂಪ್ಯೂಟರಿನಲ್ಲಿ ತಿದ್ದಬಾರದು. ಆಧಾರ್ ಕೇಂದ್ರದಲ್ಲಂತೂ ನಿಮ್ಮನ್ನು ಎದುರಿಗೆ ಕೂರಿಸಿಯೇ ಫೋಟೋ ತೆಗೆಯುತ್ತಾರೆ. ಬೇರೆ ಅರ್ಜಿಗಳಿಗೂ ತಿದ್ದದ ಫೋಟೋ ಕೊಡುವುದೇ ಕ್ಷೇಮ. ಮುಖಕ್ಕೂ ಫೋಟೋಕ್ಕೂ ತಾಳೆಯಾಗದಿದ್ದರೆ ಮತ್ತೆ ಮತ್ತೆ ಅಲೆಯುವ ಕಷ್ಟ ನಿಮಗೇ.

ಸ್ಟುಡಿಯೋದಲ್ಲಿ ಹೀಗೆ ಹೇಳಿ

• "ಮೂಲ ಫೋಟೋ ನಮಗ ವಾಪಸ್ ಬೇಕ್ರಿ." ಅದಕ್ಕೆ ಪೆನ್ನಿನ ಗುರುತು, ಅಂಟು ಹಚ್ಚದಂತೆ ನೋಡಿಕೊಳ್ಳಿ.
• "ಗೀರು, ಕಲೆ ತಗೀರಿ. ಹಚ್ಚೆ, ಮಚ್ಚೆ ಹಂಗ ಇರ್ಲಿ."
• "ಮುಖ ಬಿಳಿ ಮಾಡಬ್ಯಾಡ್ರಿ."
• "ಅಚ್ಚು ಹಾಕೂದಕ್ಕಿಂತ ಮೊದ್ಲ ನಮಗ ತೋರಸ್ರಿ." ಮೂಲ ಫೋಟೋವನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಿ. ಆಯಿಯನ್ನು ಚೆನ್ನಾಗಿ ಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ.
• "ತಿದ್ದಿದ್ದೂ ಕೊಡ್ರಿ, ತಿದ್ದದ್ದೂ ಕೊಡ್ರಿ." ಎರಡನ್ನೂ ಮೊಬೈಲಿನಲ್ಲಿ ಅಥವಾ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ.

ಫೋಟೋದ ಹಿಂದೆ ಹೆಸರು, ಊರು, ಇಸವಿ ಬರೆಯಿರಿ. ಈಗ ನಿಮಗೆ ಬರೆಯಲು ಬರುತ್ತದೆ. ಇನ್ನು 50 ವರ್ಷದ ಮೇಲೆ ಆ ಫೋಟೋ ನೋಡುವ ಮಕ್ಕಳಿಗೆ ನೀವು ಬರೆದ ಆ ಒಂದು ಸಾಲು ಬೇಕಾಗುತ್ತದೆ.

ಹೊಸ ಪದಗಳು

ನೆಗೆಟಿವ್ – ಕಪ್ಪು ಬಿಳುಪು ತಿರುವುಮುರುವಾಗಿ ಕಾಣುವ ಫಿಲ್ಮ್
ಸ್ಕ್ಯಾನ್ – ಕಾಗದದ ಮೇಲಿನ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವುದು
ಪದರ – ಒಂದರ ಮೇಲೆ ಒಂದು ಹೊದಿಸುವ ತೆಳುವಾದ ಹೊದಿಕೆ
ಛಾಯೆ – ಬಣ್ಣದ ಹಗುರ ಸ್ಪರ್ಶ

ಓದಿ, ಉತ್ತರ ಬರೆಯಿರಿ

1. ನೆಗೆಟಿವಿನ ಮೇಲೆ ಪೆನ್ಸಿಲಿನಿಂದ ತುಂಬಿದರೆ ಸುಕ್ಕು ಯಾಕೆ ಮಾಯವಾಗುತ್ತದೆ?
2. ಸಣ್ಣ ಫೋಟೋ ದೊಡ್ಡದು ಮಾಡಿದಾಗ ಮುಖ ಯಾಕೆ ಮಸುಕಾಗುತ್ತದೆ?
3. ನಿಮ್ಮ ಮನೆಯ ಹಿರಿಯರೊಬ್ಬರ ಮುಖದ ಗುರುತುಗಳನ್ನು ನೆನಪು ಮಾಡಿಕೊಂಡು ಐದು ವಾಕ್ಯ ಬರೆಯಿರಿ.