ಕರವಸ್ತ್ರಕ್ಕೆ ಮುತ್ತಿದ ಗಂಡು ನೊಣಗಳು

ಕೃಷ್ಣಗಿರಿ, ಹೊಸೂರು ಕಡೆಯ ಮಾವು ಚೆನ್ನೈನ ಕೋಯಂಬೇಡು ಮಾರುಕಟ್ಟೆಯಲ್ಲಿ ಇಳಿಯುತ್ತದೆ. ನೋಡಲು ಕಲೆಯಿಲ್ಲದ ಹಣ್ಣು. ಹೆಚ್ಚಿದರೆ ಕೆಲವುಗಳೊಳಗೆ ಬಿಳಿ ಹುಳು. ಕೊಂಡವರು ವ್ಯಾಪಾರಿಯನ್ನು ಬೈಯುತ್ತಾರೆ, ವ್ಯಾಪಾರಿ ರೈತನಿಗೆ ಬೆಲೆ ಇಳಿಸುತ್ತಾನೆ. ಕೇಡು ಶುರುವಾಗಿರುವುದು ಮರದಲ್ಲೇ. ಬಲಿತ ಕಾಯಿಯ ಸಿಪ್ಪೆ ಚುಚ್ಚಿ ಹೆಣ್ಣು ಊಜಿ ನೊಣ, ಅಂದರೆ ಹಣ್ಣುನೊಣ, ಮೊಟ್ಟೆಯಿಡುತ್ತದೆ. ಹುಳು ತಿರುಳಿನೊಳಗೆ ಬೆಳೆಯುತ್ತದೆ, ಆಮೇಲೆ ಮಣ್ಣಿಗಿಳಿದು ಕೋಶ ಕಟ್ಟುತ್ತದೆ. ಮೇಲಿಂದ ಹೊಡೆದ ಔಷಧಿ ಎರಡನ್ನೂ ಮುಟ್ಟುವುದಿಲ್ಲ.

ಈ ನೊಣವನ್ನು ಹಿಡಿಯುವ ದಾರಿ ಹೊಳೆದದ್ದು ಬಿಹಾರದ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ. ಅಲ್ಲಿ ಕೀಟತಜ್ಞನಾಗಿದ್ದ ಎಫ್. ಎಂ. ಹೌಲೆಟ್‌ನ ನೆರೆಯವರೊಬ್ಬರು ಸೊಳ್ಳೆ ಕಾಟಕ್ಕೆಂದು ಕರವಸ್ತ್ರಕ್ಕೆ ಸಿಟ್ರೊನೆಲ್ಲಾ ಎಣ್ಣೆ ಹಾಕಿಕೊಂಡಿದ್ದರು. ಅದಕ್ಕೆ ನೊಣಗಳು ಬಂದು ಮುತ್ತಿದವು. ಬೇರೆಯವರಾಗಿದ್ದರೆ ಕರವಸ್ತ್ರ ಕೊಡವಿ ಸುಮ್ಮನಾಗುತ್ತಿದ್ದರೇನೋ. ಹೌಲೆಟ್ ಆ ನೊಣಗಳನ್ನು ಹಿಡಿದು ನೋಡಿದ: ಎಲ್ಲವೂ ಹಣ್ಣುನೊಣಗಳು, ಎಲ್ಲವೂ ಗಂಡು! 1912ರಲ್ಲಿ ಅದನ್ನು ಪ್ರಕಟಿಸಿದ. ಎಣ್ಣೆಯಲ್ಲಿರುವ ಯಾವ ವಸ್ತು ಅವನ್ನು ಸೆಳೆಯುತ್ತದೆಂದು ಒಂದೊಂದಾಗಿ ಹುಡುಕುತ್ತ ಹೋಗಿ 1915ರ ಹೊತ್ತಿಗೆ ಮಿಥೈಲ್ ಯೂಜಿನಾಲ್‌ಗೆ ಬಂದು ನಿಂತ. ನಮ್ಮ ಅಂಗಳದ ತುಳಸಿಯಲ್ಲೂ ಇರುವ ವಸ್ತು ಅದು.

ನನಗೆ ಬೆರಗು ಹುಟ್ಟಿಸುವುದು ಆಮೇಲಿನ ವಿಳಂಬ. ಬೇಸಾಯಕ್ಕೆ ಇದರ ಪೂರ್ತಿ ಬಲ ಗೊತ್ತಾಗಲು ದಶಕಗಳೇ ಹಿಡಿದವು. ಊಜಿ ನೊಣ ಹವಾಯಿಗೆ ನುಗ್ಗಿದ ಮೇಲೆ ಕೀಟತಜ್ಞ ಎಲ್. ಎಫ್. ಸ್ಟೈನರ್ ಅಲ್ಲಿ ಮಿಥೈಲ್ ಯೂಜಿನಾಲನ್ನು ಮತ್ತೆ ಪರೀಕ್ಷೆಗೆ ತಂದ. 1960ರ ದಶಕದ ಮೊದಲ ವರ್ಷಗಳಲ್ಲಿ ಪೆಸಿಫಿಕ್ ಸಾಗರದ ರೋಟಾ ದ್ವೀಪದ ಮೇಲೆ, ಈ ವಸ್ತು ಮತ್ತು ಕೀಟನಾಶಕ ಹೀರಿದ ನಾರಿನ ಹಲಗೆ ತುಂಡುಗಳನ್ನು ವಿಮಾನದಿಂದ ಉದುರಿಸಿದರು. ಗಂಡುಗಳು ಸತ್ತವು, ಹೆಣ್ಣುಗಳಿಗೆ ಜೋಡಿ ಸಿಗಲಿಲ್ಲ, ದ್ವೀಪದಲ್ಲಿ ನೊಣದ ವಂಶವೇ ಅಳಿಯಿತು.

ರೋಟಾದ ಸುತ್ತ ಸಮುದ್ರವಿತ್ತು. ನಮ್ಮ ತೋಟದ ಸುತ್ತ ಪಕ್ಕದವರ ತೋಟವಿದೆ. ಮಿಥೈಲ್ ಯೂಜಿನಾಲ್ ಇಟ್ಟ ಬಲೆಗೆ ಬೀಳುವುದು ಗಂಡು ಮಾತ್ರ. ಪಕ್ಕದ ತೋಟದಲ್ಲೇ ಕೂಡಿ ಬಂದ ಹೆಣ್ಣು ಬೇಲಿ ದಾಟಿ ಇಲ್ಲಿ ಮೊಟ್ಟೆಯಿಡುತ್ತದೆ. ಒಬ್ಬರೇ ಕಟ್ಟಿ "ಬಲೆ ಉಪಯೋಗವಿಲ್ಲ" ಎನ್ನುವವರ ಸೋಲಿಗೆ ಬಹುಮಟ್ಟಿಗೆ ಕಾರಣ ಇದೇ. ಊರಿನ ತೋಟಗಳವರೆಲ್ಲ ಒಟ್ಟಿಗೆ ಕಟ್ಟಬೇಕು.

ಖರ್ಚೇನೂ ದೊಡ್ಡದಲ್ಲ. ಆಲ್ಕೋಹಾಲ್, ಮಿಥೈಲ್ ಯೂಜಿನಾಲ್, ಮೆಲಾಥಿಯಾನ್ 6:4:1 ಪ್ರಮಾಣದಲ್ಲಿ ಬೆರೆಸಿ, ಅದರಲ್ಲಿ ನೆನೆಸಿದ ಪ್ಲೈವುಡ್ ತುಂಡನ್ನು ತೂತು ಕೊರೆದ ಬಾಟಲಿಯಲ್ಲಿ ನೇತುಹಾಕಿದರೆ ಮೋಹಕ ಬಲೆ ಸಿದ್ಧ. ಉದುರಿದ ಹಣ್ಣನ್ನು ದಿನವೂ ಆಯ್ದು ಆಳಕ್ಕೆ ಹೂಳಬೇಕು. ಮರದಡಿ ಬಿಟ್ಟರೆ ಮುಂದಿನ ತಲೆಮಾರಿನ ನೊಣ ಅಲ್ಲಿಂದಲೇ ಏಳುತ್ತದೆ. ಬಲೆ ಕಟ್ಟುವ ಕಾಲವೂ ಮುಖ್ಯ: ಮೇ ಕೊಯ್ಲಿನ ತೋಟಕ್ಕೆ ಮಾರ್ಚ್‌ನಲ್ಲೇ, ಕಾಯಿ ಇನ್ನೂ ಎಳೆಯದಾಗಿರುವಾಗ.