ಬಡವನ ಹಲ್ಲಿಗೆ ಕೀಳಿಸುವುದೊಂದೇ ದಾರಿಯೆ?

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬುದು ಹಳೆಯ ಗಾದೆ. ಉಡುಪಿ ಜಿಲ್ಲೆಯ ಬೀಡಿ ಕಟ್ಟುವವರು, ಮೀನು ಮಾರುವವರು, ಕೂಲಿನಾಲಿಯವರ ಮಟ್ಟಿಗೆ ಈ ಗಾದೆಯನ್ನು ಸ್ವಲ್ಪ ತಿದ್ದಬೇಕಾಗಿದೆ. ಹಲ್ಲಿನ ದೊಡ್ಡಾಸ್ಪತ್ರೆ ಕೂಗಳತೆಯಲ್ಲೇ ಉಂಟು. ಅಲ್ಲಿಗೆ ನಾಲ್ಕು ಸಲ ಹೋಗಿಬರಲು ಪುರುಸೊತ್ತೂ ಇಲ್ಲ, ಕಾಸೂ ಇಲ್ಲ.

1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಕಟ್ಟಿದ ಡಾ. ಟಿ.ಎಂ.ಎ. ಪೈಯವರು ಹನ್ನೆರಡೇ ವರ್ಷಗಳಲ್ಲಿ, ಅಂದರೆ 1965ರಲ್ಲಿ, ಮಣಿಪಾಲದ ಗುಡ್ಡದ ಮೇಲೆ ದಂತ ವೈದ್ಯಕೀಯ ಕಾಲೇಜನ್ನೂ ತೆರೆದರು. ಬೆಂಗಳೂರಿನಲ್ಲಿ ಸರಕಾರಿ ದಂತ ಕಾಲೇಜು ಆರಂಭವಾಗಿ ಆಗ ಏಳು ವರ್ಷವಷ್ಟೇ ಆಗಿತ್ತು. ಅಂದಿನಿಂದ ಇಂದಿನವರೆಗೆ ದೇಶವಿದೇಶಗಳ ಹುಡುಗ ಹುಡುಗಿಯರು ಇಲ್ಲಿಗೆ ಬಂದು ಕಲಿತು ಹೋಗಿದ್ದಾರೆ. ಹೀಗಿದ್ದೂ ಕಾರ್ಕಳದ ಹಳ್ಳಿಗಳಲ್ಲಿ, ಕಾಪುವಿನ ಕಡಲ ಬದಿಯಲ್ಲಿ, ನಲ್ವತ್ತು ದಾಟುವುದರೊಳಗೆ ದವಡೆ ಖಾಲಿ ಮಾಡಿಕೊಂಡವರು ಅಪರೂಪವೇನಲ್ಲ. ಇದಕ್ಕೆ ಕಾರಣವೇನು?

ಕಲಿಯುವವರ ಕೈಗೆ ಬಾಯಿ

"ಕಲಿಯುವ ಮಕ್ಕಳ ಕೈಗೆ ಬಾಯಿ ಕೊಡುವುದಾ ಮಾರಾಯ್ರೆ?" ಎಂಬ ಹೆದರಿಕೆ ಮೊದಲನೆಯದು. ಇದು ಅರ್ಧ ಸತ್ಯ ಮಾತ್ರ. ದಂತ ವೈದ್ಯ ಪದವಿಗೆ ನಾಲ್ಕು ವರ್ಷದ ಓದು, ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್ ಉಂಟು. ರೋಗಿಗಳಿಲ್ಲದೆ ಈ ವಿದ್ಯೆ ಕೈಗೆ ಹತ್ತುವುದಿಲ್ಲ. ಆದ್ದರಿಂದಲೇ ದಂತ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಪೇಟೆಯ ಕ್ಲಿನಿಕ್ಕುಗಳಿಗಿಂತ ಕಡಿಮೆ ದರ. ವಿದ್ಯಾರ್ಥಿ ಮಾಡಿದ ಕೆಲಸವನ್ನು ಅಧ್ಯಾಪಕರು ಹಂತಹಂತವಾಗಿ ನೋಡಿ, ಸರಿಯಿಲ್ಲದಿದ್ದರೆ ತಿದ್ದಿಸಿ ಮುಂದಕ್ಕೆ ಬಿಡುತ್ತಾರೆ. ಹಾಗಾಗಿ ಇಲ್ಲಿ ರೋಗಿ ಹಣದಲ್ಲಿ ಉಳಿಸಿದ್ದನ್ನು ಸಮಯದಲ್ಲಿ ತೆರಬೇಕಾಗುತ್ತದೆ. ಕ್ಲಿನಿಕ್ಕಿನಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸಕ್ಕೆ ಇಲ್ಲಿ ಒಂದು ಬೆಳಗ್ಗೆ ಪೂರ್ತಿ ಹೋಗಬಹುದು.

ಈ ಸಮಯದ ಪ್ರಶ್ನೆಯೇ ಬಡವನಿಗೆ ದೊಡ್ಡ ಸಂಕಟ.

ಬಸ್ಸಿನ ಲೆಕ್ಕ, ಕೂಲಿಯ ಲೆಕ್ಕ

ಕಾರ್ಕಳದಿಂದ ಮಣಿಪಾಲಕ್ಕೆ ಸುಮಾರು 35 ಕಿಲೋಮೀಟರ್. ಬೈಲೂರು, ಹಿರಿಯಡ್ಕದ ಮೇಲೆ ಬರುವ ಬಸ್ಸು ಹತ್ತಿದರೆ ನೇರವಾಗಿ ಇಳಿಯಬಹುದು. ಕಾಪುವಿನವರಿಗೆ ದೂರ ಕಡಿಮೆ. ಆದರೆ ಉಡುಪಿಯಲ್ಲಿ ಇಳಿದು ಮತ್ತೊಂದು ಬಸ್ಸು ಹಿಡಿಯುವ ರಗಳೆ ಉಂಟು. 2023ರ ಜೂನ್‌ನಲ್ಲಿ ಸರಕಾರ ಶಕ್ತಿ ಯೋಜನೆಯಡಿ ಹೆಂಗಸರಿಗೆ ಉಚಿತ ಪ್ರಯಾಣ ಕೊಟ್ಟಿತು, ನಿಜ. ಅದು ಸರಕಾರಿ ಬಸ್ಸಿಗೆ ಮಾತ್ರ. ಕರಾವಳಿಯಲ್ಲಿ ಖಾಸಗಿ ಬಸ್ಸುಗಳದ್ದೇ ರಾಜ್ಯಭಾರವೆಂಬುದು ಇಲ್ಲಿಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಇನ್ನು ಕೂಲಿಯ ಲೆಕ್ಕ. ಬೀಡಿ ಕಟ್ಟುವವಳಿಗೆ ಕಟ್ಟಿದಷ್ಟಕ್ಕೆ ಮಜೂರಿ. ಕಟ್ಟದ ದಿನ ಸೊನ್ನೆ. ಮೀನು ಮಾರುವವಳು ಬೆಳಗ್ಗಿನ ವ್ಯಾಪಾರ ಬಿಟ್ಟರೆ ಆ ದಿನದ ಸಂಪಾದನೆಯೇ ಹೋಯಿತು. ಬೇರಿನ ಚಿಕಿತ್ಸೆ, ಅಂದರೆ ಎಲ್ಲರೂ ಹೇಳುವ ರೂಟ್ ಕೆನಾಲ್, ಕಾಲೇಜಿನಲ್ಲಿ ಮೂರು ನಾಲ್ಕು ಭೇಟಿ ಬೇಡಬಹುದು. ಪೂರ್ತಿ ಹಲ್ಲುಸೆಟ್ಟಿಗೆ ಒಂದು ದಿನ ಅಚ್ಚು ತೆಗೆಯಬೇಕು, ಇನ್ನೊಂದು ದಿನ ಕಚ್ಚುವ ಅಳತೆ ನೋಡಬೇಕು, ಮತ್ತೊಂದು ದಿನ ಇಟ್ಟು ನೋಡಬೇಕು, ಕೊನೆಗೆ ತಂದು ಹಾಕಿದ ಮೇಲೂ ಒಸಡಿಗೆ ಒತ್ತಿದಲ್ಲಿ ತಿಕ್ಕಿಸಿಕೊಳ್ಳಬೇಕು. ಆಸ್ಪತ್ರೆಯ ಬಿಲ್ಲಿಗಿಂತ ಬಸ್ಸು, ಚಾ, ತಪ್ಪಿದ ಕೂಲಿ ಇವುಗಳ ಮೊತ್ತವೇ ಹೆಚ್ಚಾದರೆ ಆಶ್ಚರ್ಯವಿಲ್ಲ.

"ಕಿತ್ತು ಬಿಡಿ ಡಾಕ್ಟ್ರೆ, ಒಂದೇ ಸಲಕ್ಕೆ ಮುಗೀಲಿ" ಎಂಬ ಮಾತು ಹುಟ್ಟುವುದೇ ಇಲ್ಲಿ. ಉಳಿಸಬಹುದಾದ ಹಲ್ಲೂ ಹೀಗೆ ಕೈಬಿಟ್ಟು ಹೋಗುತ್ತದೆ. ಒಂದು ಹಲ್ಲು ಹೋದರೆ ಪಕ್ಕದ್ದು ಆ ಜಾಗಕ್ಕೆ ವಾಲುತ್ತದೆ, ಎದುರಿನದು ಇಳಿಯುತ್ತದೆ, ಸಂದುಗಳಲ್ಲಿ ಅನ್ನ ಸಿಕ್ಕಿಕೊಂಡು ಅವೂ ಹುಳುಕಾಗುತ್ತವೆ. ಕೊನೆಗೆ ಸೆಟ್ಟಿನ ಖರ್ಚು ತಪ್ಪುವುದಿಲ್ಲ.

ಹುಳುಕು ಸಣ್ಣದಿದ್ದಾಗ ಸಿಮೆಂಟು ತುಂಬಿಸಿದ್ದರೆ ಒಂದೇ ಭೇಟಿಯಲ್ಲಿ ಕೆಲಸ ಮುಗಿಯುತ್ತಿತ್ತು. ಆದರೆ ನೋವಿಲ್ಲದ ಹಲ್ಲಿಗೆ ಕೂಲಿ ಬಿಟ್ಟು ಹೋಗುವವರಾರು?

ಮಾತ್ರೆಯ ಮೋಸ

ನೋವು ಬಂದಾಗ ಮೊದಲ ಮದ್ದು ಲವಂಗದೆಣ್ಣೆ, ಎರಡನೆಯದು ಮೆಡಿಕಲ್ ಶಾಪಿನ ಮಾತ್ರೆ. ಎರಡು ದಿನದಲ್ಲಿ ನೋವು ಅಡಗುತ್ತದೆ. ರೋಗ ಅಡಗಿರುವುದಿಲ್ಲ. ಬೇರಿನಲ್ಲಿ ಸೇರಿದ ಕೀವು ದವಡೆಯಿಂದ ಕುತ್ತಿಗೆಗೆ ಇಳಿದರೆ ಉಸಿರಿಗೇ ಸಂಚಕಾರ. ಮುಖ, ಕುತ್ತಿಗೆ ಊದಿ ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಕಷ್ಟವಾದರೆ ಬೆಳಗಾಗುವುದನ್ನು ಕಾಯಬಾರದು. ಸಕ್ಕರೆ ಕಾಯಿಲೆ ಇದ್ದವರಿಗಂತೂ ಅಪಾಯ ಇಮ್ಮಡಿ.

ಎಲೆಯಡಿಕೆ, ಹೊಗೆಸೊಪ್ಪು ಹಾಕುವವರಿಗೆ ಇನ್ನೊಂದು ಎಚ್ಚರಿಕೆ. ಅಡಿಕೆಯೇ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ಅಡಿಕೆ ಬೆಳೆಯುವ ಜಿಲ್ಲೆಗೆ ಇದು ಕಹಿ ಮಾತು. ಆದರೂ ಬಾಯಿಯ ಹುಣ್ಣು ಎರಡು ಮೂರು ವಾರವಾದರೂ ಮಾಗದಿದ್ದರೆ, ಬಾಯಿ ಮೊದಲಿನಷ್ಟು ತೆರೆಯಲು ಬಾರದಿದ್ದರೆ, ತೋರಿಸಲೇಬೇಕು. ಬೇಗ ಗೊತ್ತಾದರೆ ಜೀವ ಉಳಿಯುವ ಸಂಭವ ಹೆಚ್ಚು.

ಅಗ್ಗಕ್ಕೆ ಹಲ್ಲು ಕಟ್ಟಿಕೊಡುತ್ತೇವೆಂದು ಬೋರ್ಡು ಹಾಕುವ, ನೋಂದಣಿ ಇಲ್ಲದವರ ಬಗ್ಗೆಯೂ ಜಾಗ್ರತೆ ಬೇಕು. 1948ರ ದಂತವೈದ್ಯರ ಕಾಯಿದೆಯ ಕಾಲದಿಂದಲೂ ನೋಂದಣಿ ಇಲ್ಲದೆ ಈ ವೃತ್ತಿ ಮಾಡುವಂತಿಲ್ಲ.

ಎಲ್ಲಿ ವಿಚಾರಿಸಬೇಕು?

ಹತ್ತಿರದ್ದು ಸರಕಾರಿ ಆಸ್ಪತ್ರೆ. ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಕಾರ್ಕಳದ ತಾಲೂಕು ಆಸ್ಪತ್ರೆಗಳಲ್ಲಿ ಮೊದಲು ಕೇಳಿ ನೋಡುವುದು ಜಾಣತನ. ದಂತ ವೈದ್ಯರು ಯಾವ ದಿನ ಸಿಗುತ್ತಾರೆ, ಕೀಳುವುದಲ್ಲದೆ ತುಂಬಿಸುವುದೂ ಆಗುತ್ತದೆಯೇ ಎಂದು ಮೊದಲೇ ತಿಳಿದುಕೊಂಡರೆ ಒಂದು ದಿನ ಉಳಿಯುತ್ತದೆ. ರೇಷನ್ ಕಾರ್ಡು, ಆಧಾರ್ ಕೈಯಲ್ಲಿರಲಿ.

ಹಲ್ಲು ಪೂರ್ತಿ ಹೋದ ಬಡವರಿಗೆ ಉಚಿತ ಹಲ್ಲುಸೆಟ್ಟು ಕೊಡುವ ದಂತಭಾಗ್ಯ ಯೋಜನೆಯನ್ನು ರಾಜ್ಯ ಸರಕಾರ 2014ರಲ್ಲಿ ತಂದಿತು. ಮೊದಲು 60 ದಾಟಿದವರಿಗೆ ಇದ್ದದ್ದನ್ನು ಆಮೇಲೆ 45 ದಾಟಿದ ಬಿಪಿಎಲ್ ಕಾರ್ಡಿನವರಿಗೂ ವಿಸ್ತರಿಸಲಾಯಿತು. ಈಗಿನ ನಿಯಮವನ್ನು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಬೇಕು.

2000ದಲ್ಲಿ ಶುರುವಾದ ಮಣಿಪಾಲದ ಆರೋಗ್ಯ ಕಾರ್ಡಿನಲ್ಲಿ ಹಲ್ಲಿನ ಚಿಕಿತ್ಸೆಗೂ ರಿಯಾಯಿತಿ ಉಂಟು. ಆದರೆ ಅದರ ನೋಂದಣಿ ವರ್ಷದ ಕೆಲವು ತಿಂಗಳು ಮಾತ್ರ. ಹಲ್ಲುನೋವು ಬಂದ ರಾತ್ರಿ ಕಾರ್ಡು ಹುಡುಕಿದರೆ ಪ್ರಯೋಜನವಿಲ್ಲ. 2018ರ ಆಯುಷ್ಮಾನ್ ಭಾರತ - ಆರೋಗ್ಯ ಕರ್ನಾಟಕ ಯೋಜನೆಯನ್ನು ಹಲ್ಲಿಗೆ ನಂಬಿ ಕೂರುವಂತಿಲ್ಲ. ದವಡೆ ಮುರಿದಂಥ ದೊಡ್ಡ ಚಿಕಿತ್ಸೆಗೆ ಅದು ಆಧಾರವಾದೀತು. ದಿನನಿತ್ಯದ ಹುಳುಕಿಗೆ ಅಲ್ಲ.

ಚೀಟಿಯಿಂದ ತೂತು ಮುಚ್ಚದು

ದಂತ ತಪಾಸಣಾ ಶಿಬಿರಗಳಿಗೆ ಜಿಲ್ಲೆಯಲ್ಲಿ ಬರಗಾಲವಿಲ್ಲ. ದೀಪ ಬೆಳಗಿ, ಭಾಷಣ ಮುಗಿದು, ಹಲ್ಲು ನೋಡಿ "ಆಸ್ಪತ್ರೆಗೆ ಬನ್ನಿ" ಎಂದು ಚೀಟಿ ಕೊಡುವಲ್ಲಿಗೆ ಅನೇಕ ಶಿಬಿರಗಳು ಮುಗಿಯುತ್ತವೆ. ಆ ಚೀಟಿ ಹಿಡಿದು ಬಸ್ಸು ಹತ್ತುವವರು ಎಷ್ಟು ಮಂದಿ ಎಂದು ಆಮೇಲೆ ಕೇಳುವವರಿರಬೇಕು. ಚೀಟಿ ಕೊಟ್ಟ ಮಾತ್ರಕ್ಕೆ ಹಲ್ಲಿನ ತೂತು ಮುಚ್ಚುವುದಿಲ್ಲ.

ಆಗಬೇಕಾದ್ದು ದೊಡ್ಡ ಯೋಜನೆಯೇನಲ್ಲ. ಹಲ್ಲು ತುಂಬಿಸುವುದು, ಕ್ಲೀನಿಂಗ್ ಮಾಡುವುದು ಕಾಪು, ಕಾರ್ಕಳಗಳಲ್ಲೇ ವಾರಕ್ಕೊಂದು ನಿಗದಿತ ದಿನ ನಡೆಯಲಿ. ಸಂತೆಯ ದಿನದಂತೆ ಆ ದಿನ ಜನರ ಬಾಯಿಗೆ ಬರಲಿ. ದೂರದಿಂದ ಬರುವವರಿಗೆ ಎರಡು ಮೂರು ಕೆಲಸಗಳನ್ನು ಒಂದೇ ದಿನಕ್ಕೆ ಹೊಂದಿಸಿಕೊಡುವ ಕ್ರಮ ಎಲ್ಲ ದೊಡ್ಡ ಆಸ್ಪತ್ರೆಗಳಲ್ಲೂ ಬರಲಿ. ಶಿಬಿರ ಮಾಡುವ ಸಂಘಸಂಸ್ಥೆಗಳು ಹಾರತುರಾಯಿಯ ಹಣದಲ್ಲಿ ಚೀಟಿ ಪಡೆದವರಿಗೊಂದು ವಾಹನ ಮಾಡಿಕೊಡಲಿ.

ಜನರೂ ಅಷ್ಟೇ. ಮೊದಲ ದಿನವೇ "ಒಟ್ಟು ಎಷ್ಟು ಸಲ ಬರಬೇಕು, ಎಷ್ಟಾಗುತ್ತದೆ?" ಎಂದು ಕೇಳಲು ನಾಚಿಕೆ ಬೇಡ. ದೂರದಿಂದ ಬರುವುದೆಂದೂ ಹೇಳಬೇಕು.

ಹೊರದೇಶಗಳ ಮಕ್ಕಳಿಗೂ ದಂತ ವೈದ್ಯ ಕಲಿಸಿದ ಊರು ಇದು. ಇಲ್ಲಿನ ಬೀಡಿ ಕಟ್ಟುವ ಅಕ್ಕಂದಿರು, ಮೀನು ಮಾರುವ ಅಮ್ಮಂದಿರು ಹಲ್ಲಿಲ್ಲದೆ ಗಂಜಿ ನುಂಗುವಂತಾಗಬಾರದು. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?