ಕಸಿ ಮಾಡಿದ ಕಿಡ್ನಿಯೂ ಹಳದಿ ಹೂವಿನ ಮಾತ್ರೆಯೂ

ಜೂನ್ ಕೊನೆಯ ಹೊತ್ತಿಗೆ ಜರ್ಮನಿಯ ಹುಲ್ಲುಗಾವಲುಗಳಲ್ಲಿ, ರಸ್ತೆಬದಿಗಳಲ್ಲಿ ಒಂದು ಗಿಡ ಹಳದಿ ಹೂ ಬಿಡುತ್ತದೆ. ಹೆಸರು ಯೊಹಾನಿಸ್‌ಕ್ರೌಟ್, ಔಷಧದಂಗಡಿಗಳಲ್ಲಿ ಸೇಂಟ್ ಜಾನ್ಸ್ ವರ್ಟ್ ಎಂದೂ ಪರಿಚಿತ. ಮನಸ್ಸು ಕುಗ್ಗಿದವರಿಗೆ ಅಲ್ಲಿನ ವೈದ್ಯರು ಇದರ ಸಾರದ ಮಾತ್ರೆಯನ್ನು ಚೀಟಿಯಲ್ಲೇ ಬರೆದುಕೊಡುತ್ತಾರೆ. ಮೂಲಿಕೆಗಳ ಗುಣದೋಷ ತೂಗಲು 1978ರಲ್ಲೇ 'ಕಮಿಷನ್ ಇ' ಎಂಬ ತಜ್ಞರ ಸಮಿತಿ ರಚಿಸಿದ ದೇಶವದು.

ಈ ಸಾಧು ಗಿಡದ ಇನ್ನೊಂದು ಮುಖ ಬಯಲಾದದ್ದು 2000ದಲ್ಲಿ. ನೆರೆಯ ಜ್ಯೂರಿಕ್‌ನಲ್ಲಿ ಹೃದಯ ಕಸಿ ಮಾಡಿಸಿಕೊಂಡಿದ್ದ ಇಬ್ಬರ ದೇಹ ಹೊಸ ಹೃದಯದ ಮೇಲೆ ತಿರುಗಿಬಿದ್ದಿತ್ತು. ಇಬ್ಬರೂ ಈ ಮಾತ್ರೆ ನುಂಗುತ್ತಿದ್ದರು. ದೇಹದ ಪ್ರತಿರೋಧವನ್ನು ತಗ್ಗಿಸುವ ಸೈಕ್ಲೋಸ್ಪೊರಿನ್ ಎಂಬ ಔಷಧದ ಮಟ್ಟ ರಕ್ತದಲ್ಲಿ ಕುಸಿದುಹೋಗಿತ್ತು. ಮೂಲಿಕೆ ನಿಲ್ಲಿಸಿದ ಮೇಲೆ ಚೇತರಿಸಿಕೊಂಡರು. ಅದೇ ವರ್ಷ ಹ್ಯಾನೋವರ್‌ನ ವೈದ್ಯರೂ ತಮ್ಮ ಕಸಿ ರೋಗಿಗಳಲ್ಲಿ ಇಂಥದ್ದೇ ಕುಸಿತ ಕಂಡರು.

ಆಗುವುದು ಇಷ್ಟು. ಗಿಡದಲ್ಲಿರುವ ಹೈಪರ್‌ಫೊರಿನ್ ಎಂಬ ವಸ್ತು ಯಕೃತ್ತನ್ನೂ ಕರುಳನ್ನೂ ಚುರುಕುಗೊಳಿಸುತ್ತದೆ. ಔಷಧಗಳನ್ನು ಒಡೆದುಹಾಕುವ ಸಿವೈಪಿ3ಎ4 ಎಂಬ ಕಿಣ್ವ ಅಲ್ಲಿ ಹೆಚ್ಚು ತಯಾರಾಗುತ್ತದೆ. ನುಂಗಿದ ಸೈಕ್ಲೋಸ್ಪೊರಿನ್ ಕೆಲಸಕ್ಕೆ ಕೂರುವ ಮೊದಲೇ ಮುಗಿದಿರುತ್ತದೆ.

ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯವರು ಇದನ್ನು ಅಳೆದೇ ನೋಡಿದರು. ಕಿಡ್ನಿ ಕಸಿಯಾದ 11 ಮಂದಿಗೆ 14 ದಿನ, ದಿನಕ್ಕೆ 600 ಮಿಲಿಗ್ರಾಂ ಸಾರ. ಸೈಕ್ಲೋಸ್ಪೊರಿನ್ ಮಟ್ಟ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಅದನ್ನು ಎತ್ತಿ ನಿಲ್ಲಿಸಲು ದೇಹತೂಕದ ಕಿಲೋಗೆ 2.7 ಮಿಲಿಗ್ರಾಂ ಇದ್ದ ದಿನದ ಪ್ರಮಾಣವನ್ನು 4.2ರವರೆಗೆ ಏರಿಸಬೇಕಾಯಿತು. 2004ರ ಇನ್ನೊಂದು ಅಧ್ಯಯನ ನನಗೆ ಹೆಚ್ಚು ಮುಖ್ಯವೆನಿಸುತ್ತದೆ: ಹೈಪರ್‌ಫೊರಿನ್ ತೀರಾ ಕಡಿಮೆಯಿದ್ದ ಸಾರ ಕೊಟ್ಟಾಗ ಈ ತೊಂದರೆ ಕಾಣಲಿಲ್ಲ. ಎಂದರೆ ತಪ್ಪು ಇಡೀ ಗಿಡದ್ದಲ್ಲ, ಅದರೊಳಗಿನ ಒಂದು ವಸ್ತುವಿನದು. ಮೂಲಿಕೆಯನ್ನು ತೂಗಿ ಮಾತ್ರೆ ಮಾಡುವ ಅಭ್ಯಾಸವಿದ್ದುದರಿಂದಲೇ ಇಷ್ಟು ಸೂಕ್ಷ್ಮ ಗೊತ್ತಾದದ್ದು. ನಮ್ಮ ಮನೆಯ ಕಷಾಯದಲ್ಲಿ ಏನು ಎಷ್ಟಿದೆಯೆಂದು ಯಾರು ತೂಗುತ್ತಾರೆ?

'ಗಿಡದ ಮದ್ದು, ಅಡ್ಡಪರಿಣಾಮವಿಲ್ಲ' ಎಂಬ ಮಾತು ನಮ್ಮಲ್ಲಿ ಸಲೀಸು. ಆದರೆ ಸೈಕ್ಲೋಸ್ಪೊರಿನ್ ಕೂಡ ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ, ನಾರ್ವೆಯ ಮಣ್ಣಿನ ಶಿಲೀಂಧ್ರದಿಂದ ಬಂದದ್ದು; ಅದಕ್ಕೂ ಅಡ್ಡಪರಿಣಾಮವಿದೆ! ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಕುದಿದ ಅಮೃತಬಳ್ಳಿಯ ಕಷಾಯವನ್ನೇ ನೋಡಿ. ರೋಗನಿರೋಧಕ ಶಕ್ತಿ ಹೆಚ್ಚಲಿ ಎಂದು ಅದನ್ನು ಕುಡಿಯುತ್ತೇವೆ. ಕಸಿಯಾದವರು ಆ ಶಕ್ತಿ ತಗ್ಗಲೆಂದೇ ದಿನಾ ಮಾತ್ರೆ ನುಂಗುತ್ತಾರೆ. ದೇವನಹಳ್ಳಿಯ ಚಕ್ಕೋತದ್ದು ಹಳದಿ ಹೂವಿನ ಗಿಡಕ್ಕೆ ತಿರುಗುಮುರುಗು ಕತೆ. ಆ ಜಾತಿಯ ಹಣ್ಣು ಅದೇ ಸಿವೈಪಿ3ಎ4 ಕಿಣ್ವವನ್ನು ತಡೆದು, ಕಸಿಯಾದವರು ನುಂಗುವ ಟ್ಯಾಕ್ರೊಲಿಮಸ್‌ನಂಥ ಔಷಧದ ಮಟ್ಟವನ್ನು ರಕ್ತದಲ್ಲಿ ಅಪಾಯದಷ್ಟು ಏರಿಸಬಲ್ಲದು.

ಪ್ರತಿರೋಧ ತಗ್ಗಿಸುವ ಮಾತ್ರೆಗಳ ಹಂಗನ್ನೇ ಕಡಿಮೆ ಮಾಡುವ ದಾರಿಯನ್ನೂ ಶಾರಿಟೆಯವರು ಹುಡುಕುತ್ತಿದ್ದಾರೆ. ರೋಗಿಯ ರಕ್ತದಿಂದಲೇ ಪ್ರತಿರೋಧವನ್ನು ಹದ್ದುಬಸ್ತಿನಲ್ಲಿಡುವ ಟಿ ಕೋಶಗಳನ್ನು ತೆಗೆದು, ಬೆಳೆಸಿ, ಕಸಿಯ ನಂತರ ಮರಳಿ ಕೊಟ್ಟರು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ 11 ಮಂದಿಯಲ್ಲಿ 8 ಮಂದಿಗೆ ಪ್ರತಿರೋಧ ತಗ್ಗಿಸುವ ಒಂದೇ ಔಷಧ ಸಾಕಾಯಿತು. ಹೊಸ ಅಂಗವನ್ನು ದೇಹ ತನ್ನದೆಂದು ಒಪ್ಪಿಕೊಳ್ಳುವ ಕಡೆಗೆ ಇದು ಒಂದು ಹೆಜ್ಜೆ, ಅಷ್ಟೇ. ಆ ಒಂದು ಔಷಧ ಉಳಿದೇ ಇದೆ.

ಅದು ಇರುವವರೆಗೆ, ಮೂಲಿಕೆ ಶುರುಮಾಡುವಾಗ ಮಾತ್ರವಲ್ಲ, ಬಿಡುವಾಗಲೂ ವೈದ್ಯರಿಗೆ ಹೇಳಬೇಕು. ಹಳದಿ ಹೂವಿನ ಮಾತ್ರೆ ಬಿಟ್ಟರೆ ಕಿಣ್ವ ಕೆಲವು ದಿನಗಳಲ್ಲಿ ಹಳೆಯ ಮಟ್ಟಕ್ಕಿಳಿಯುತ್ತದೆ. ಅಷ್ಟರಲ್ಲಿ ಸೈಕ್ಲೋಸ್ಪೊರಿನ್ ಪ್ರಮಾಣ ಏರಿಸಿದ್ದರೆ ಅದು ರಕ್ತದಲ್ಲಿ ಮಿತಿಮೀರುತ್ತದೆ. ಮಿತಿಮೀರಿದ ಸೈಕ್ಲೋಸ್ಪೊರಿನ್ ಮೊದಲು ಪೆಟ್ಟು ಕೊಡುವ ಅಂಗಗಳಲ್ಲಿ ಕಿಡ್ನಿಯೂ ಒಂದು.